ಜಡ್ಜ್ ಫ್ರಾಂಕ್ ಜಾನ್ಸನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಪ್ಪು ಜನರ ಹಕ್ಕಿನ ಹೋರಾಟ ಅಂದ ಕೂಡಲೇ ನಮಗೆ ಮಾರ್ಟಿನ್ ಲೂಥರ್ ಕಿಂಗ್, ರೋಸಾ ಪಾರ್ಕ್ಸ್ ನೆನಪಾಗುತ್ತಾರೆ. ಅವರಿದ್ದ ಊರಿನಲ್ಲೇ, ಅದೇ ವರ್ಷಗಳಲ್ಲಿ, ಒಬ್ಬ ಬಿಳಿಯ ಜಡ್ಜ್ ಕೂಡ ಇದ್ದರು. ಬಸ್ಸು, ಶಾಲೆ, ಮತದಾರರ ಪಟ್ಟಿ, ಪೊಲೀಸ್ ನೇಮಕ, ಆಸ್ಪತ್ರೆ, ಜೈಲು ಎಲ್ಲವೂ ಅವರ ಮುಂದೆ ಬಂದವು. ಅವರ ಹೆಸರು ಹೇಳಿದಾಗಲೆಲ್ಲ ಸ್ನೇಹಿತರು, ಕಾನೂನು ಓದುವ ಹುಡುಗರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿಟ್ಟಿದ್ದೇನೆ. ಕೆಲವು ಉತ್ತರ ಉದ್ದ, ಕೆಲವು ಒಂದೇ ಸಾಲು.

ಮೊದಲಿಗೆ, ಯಾರು ಇವರು?

ಪೂರ್ತಿ ಹೆಸರು ಫ್ರಾಂಕ್ ಮಿನಿಸ್ ಜಾನ್ಸನ್ ಜೂನಿಯರ್. ಹುಟ್ಟಿದ್ದು 1918ರ ಅಕ್ಟೋಬರ್ 30ರಂದು, ಅಲಬಾಮಾ ರಾಜ್ಯದಲ್ಲಿ. ತೀರಿಕೊಂಡಿದ್ದು 1999ರ ಜುಲೈ 23ರಂದು, ಅದೇ ರಾಜ್ಯದ ರಾಜಧಾನಿ ಮಾಂಟ್‌ಗೊಮೆರಿಯಲ್ಲಿ. 1955ರಿಂದ 1979ರವರೆಗೆ ಆ ಊರಿನಲ್ಲಿ ಫೆಡರಲ್ ವಿಚಾರಣಾ ಜಡ್ಜ್ ಆಗಿದ್ದರು. ಆಮೇಲೆ ಮೇಲ್ಮನವಿ ಕೋರ್ಟಿಗೆ ಹೋದರು.

ಅಧ್ಯಕ್ಷ ಲಿಂಡನ್ ಜಾನ್ಸನ್‌ಗೆ ಸಂಬಂಧಿಯೇ?

ಇಲ್ಲ. ಹೆಸರು ಮಾತ್ರ ಒಂದೇ. ಅವರು ಡೆಮಾಕ್ರಾಟ್, ಇವರು ರಿಪಬ್ಲಿಕನ್.

ಫೆಡರಲ್ ವಿಚಾರಣಾ ಜಡ್ಜ್ ಅಂದರೆ ನಮ್ಮ ಜಿಲ್ಲಾ ನ್ಯಾಯಾಧೀಶರ ಹಾಗೆಯೇ?

ಹೆಸರು ಕೇಳಿದರೆ ಹಾಗೇ ಅನ್ನಿಸುತ್ತದೆ. ಅವರನ್ನು ಅಲ್ಲಿ 'ಡಿಸ್ಟ್ರಿಕ್ಟ್ ಜಡ್ಜ್' ಅಂತಲೇ ಕರೆಯುತ್ತಾರೆ. ಆದರೆ ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ.

ನಮ್ಮಲ್ಲಿ ತಾಲ್ಲೂಕು ಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಒಂದೇ ಏಣಿ. ಕೇಂದ್ರದ ಕಾನೂನಾದರೂ ರಾಜ್ಯದ ಕಾನೂನಾದರೂ ಅದೇ ಏಣಿ ಹತ್ತಬೇಕು. ಅಮೆರಿಕದಲ್ಲಿ ಎರಡು ಏಣಿಗಳಿವೆ. ರಾಜ್ಯಗಳಿಗೆ ಅವರದೇ ಕೋರ್ಟುಗಳು. ಕೇಂದ್ರಕ್ಕೆ, ಅಂದರೆ ಫೆಡರಲ್ ಸರ್ಕಾರಕ್ಕೆ, ಬೇರೆ ಕೋರ್ಟುಗಳು. ಇಡೀ ದೇಶವನ್ನು 94 ಫೆಡರಲ್ ಡಿಸ್ಟ್ರಿಕ್ಟ್‌ಗಳಾಗಿ ಹಂಚಿದ್ದಾರೆ. ಅಲಬಾಮಾದಲ್ಲಿ ಮೂರಿವೆ: ಉತ್ತರ, ಮಧ್ಯ, ದಕ್ಷಿಣ. ಜಾನ್ಸನ್ ಅವರದು ಮಧ್ಯದ್ದು.

ಸಾಕ್ಷಿ ಕೇಳುವುದು, ದಾಖಲೆ ನೋಡುವುದು, ಜ್ಯೂರಿಯನ್ನು, ಅಂದರೆ ತಪ್ಪಿತಸ್ಥರೋ ಅಲ್ಲವೋ ಅಂತ ಹೇಳುವ ಸಾಮಾನ್ಯ ಜನರ ತಂಡವನ್ನು, ಕೂರಿಸುವುದು, ಶಿಕ್ಷೆ ಕೊಡುವುದು ಎಲ್ಲ ಈ ಕೋರ್ಟಿನ ಕೆಲಸ. ಹಾಗಾಗಿ ಇದು ನಮ್ಮ ಸೆಷನ್ಸ್ ಕೋರ್ಟಿನ ಹಾಗಿದೆ. ಆದರೆ ಇದೇ ಕೋರ್ಟು ರಾಜ್ಯದ ಕಾನೂನೊಂದು ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿ ಅದನ್ನು ತಳ್ಳಿಹಾಕಬಹುದು. ರಾಜ್ಯಪಾಲರಿಗೆ ಆದೇಶ ಕೊಡಬಹುದು. ಆ ಮಟ್ಟಿಗೆ ನಮ್ಮ ಹೈಕೋರ್ಟಿನ ಹಾಗೂ ಇದೆ. ಇಲ್ಲೊಂದು ಮಾತು: ಅಲ್ಲಿಯ ರಾಜ್ಯಪಾಲ ಅಂದರೆ ನಮ್ಮ ಮುಖ್ಯಮಂತ್ರಿಯ ಸ್ಥಾನದವರು, ಜನರೇ ಆರಿಸಿದವರು. ಇದು ನೆನಪಿದ್ದರೆ ಮುಂದಿನ ಕತೆ ಸರಿಯಾಗಿ ಅರ್ಥವಾಗುತ್ತದೆ.

ಇನ್ನೊಂದು ದೊಡ್ಡ ವ್ಯತ್ಯಾಸ ಅವಧಿ. ನಮ್ಮ ಹೈಕೋರ್ಟ್ ಜಡ್ಜ್ 62ಕ್ಕೆ ನಿವೃತ್ತರಾಗಬೇಕು. ಅಲ್ಲಿ ಅಧ್ಯಕ್ಷರು ಹೆಸರು ಸೂಚಿಸಿ, ಸೆನೆಟ್ ಒಪ್ಪಿದರೆ, ಸಾಯುವವರೆಗೂ ಜಡ್ಜ್. ಸಂಬಳ ಕಡಿತ ಮಾಡುವಂತಿಲ್ಲ. ತೆಗೆಯಬೇಕಾದರೆ ಸಂಸತ್ತಿನಲ್ಲಿ ಮಹಾಭಿಯೋಗವೇ ನಡೆಯಬೇಕು. ರಾಜ್ಯದ ಜಡ್ಜ್‌ಗಳು ಅಲಬಾಮಾದಲ್ಲಿ ಚುನಾವಣೆಗೆ ನಿಂತು ವೋಟು ಕೇಳಬೇಕಿತ್ತು. ಜಾನ್ಸನ್ ಯಾರ ವೋಟನ್ನೂ ಕೇಳಬೇಕಿರಲಿಲ್ಲ. ಅವರ ಬದುಕನ್ನೆಲ್ಲ ಈ ಒಂದು ಸಂಗತಿಯ ಮೇಲೆ ಕಟ್ಟಿದ್ದು ಅಂದರೂ ನಡೆದೀತು.

ದಕ್ಷಿಣದ ಬಿಳಿಯರಾಗಿದ್ದೂ ಇವರು ಕಪ್ಪು ಜನರನ್ನು ಬೇರೆ ಇಡುವವರ ಹಾಗೆ ಯಾಕೆ ಆಗಲಿಲ್ಲ?

ಇದಕ್ಕೆ ಅವರ ಹುಟ್ಟೂರು ನೋಡಬೇಕು. ಅಲಬಾಮಾದ ಉತ್ತರದಲ್ಲಿ ವಿನ್‌ಸ್ಟನ್ ಅಂತ ಒಂದು ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು, ಇದೆ. ಗುಡ್ಡಗಾಡು. ಹತ್ತಿ ಬೆಳೆಯುವ ದೊಡ್ಡ ಜಮೀನ್ದಾರಿ ಅಲ್ಲಿ ಬೇರೂರಲಿಲ್ಲ, ಗುಲಾಮರೂ ತೀರಾ ಕಡಿಮೆ. 1861ರಲ್ಲಿ ಅಲಬಾಮಾ ದೇಶದಿಂದ ಒಡೆದು ಹೋಗುತ್ತೇನೆ ಅಂದಾಗ ಈ ಜನ ಒಪ್ಪಲಿಲ್ಲ. ನೀವು ದೇಶ ಬಿಡಬಹುದಾದರೆ ನಾವೂ ನಿಮ್ಮನ್ನು ಬಿಡಬಹುದಲ್ಲ ಅನ್ನುವ ವಾದ. ಅಲ್ಲಿಂದ 'ಫ್ರೀ ಸ್ಟೇಟ್ ಆಫ್ ವಿನ್‌ಸ್ಟನ್' ಅನ್ನುವ ಹೆಸರು ಅಂಟಿಕೊಂಡಿತು.

ಆಗ ನಡೆದ ಅಂತರ್ಯುದ್ಧ ಮುಗಿದ ಮೇಲೂ ಅವರು ಲಿಂಕನ್ನರ ರಿಪಬ್ಲಿಕನ್ ಪಕ್ಷ ಬಿಡಲಿಲ್ಲ. ಉಳಿದ ಅಲಬಾಮಾ ಎಲ್ಲ ಡೆಮಾಕ್ರಾಟ್. ಜಾನ್ಸನ್ ಅವರ ತಂದೆ ಒಂದು ಕಾಲದಲ್ಲಿ ರಾಜ್ಯದ ಶಾಸನಸಭೆಯಲ್ಲಿದ್ದ ಒಬ್ಬನೇ ರಿಪಬ್ಲಿಕನ್. ಗುಂಪಿನಲ್ಲಿ ಒಬ್ಬಂಟಿಯಾಗಿ ಕೂರುವುದು ಆ ಮನೆಗೆ ಹೊಸದೇನಲ್ಲ, ಅಲ್ವಾ?

ಹಾಗಂತ ಅವರು ಕಪ್ಪು ಜನರ ನಡುವೆ ಬೆಳೆದು ಅವರ ಕಷ್ಟ ಕಂಡು ಕರಗಿದವರು ಅಂದುಕೊಳ್ಳಬೇಡಿ. ವಿನ್‌ಸ್ಟನ್‌ನಲ್ಲಿ ಕಪ್ಪು ಜನ ಬಹಳ ಇರಲೇ ಇಲ್ಲ.

ಜಡ್ಜ್ ಆಗುವ ಮೊದಲು ಏನು ಮಾಡುತ್ತಿದ್ದರು?

ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದರು, 1943ರಲ್ಲಿ ಮುಗಿಸಿದರು. ಕೂಡಲೇ ಸೈನ್ಯ ಸೇರಿದರು. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಕಾಲಾಳು ದಳದ ಅಧಿಕಾರಿಯಾಗಿ ಹೋರಾಡಿ ಗಾಯಗೊಂಡರು, ಪದಕಗಳು ಬಂದವು. ವಾಪಸ್ ಬಂದು ಜ್ಯಾಸ್ಪರ್ ಎಂಬ ಸಣ್ಣ ಊರಿನಲ್ಲಿ ವಕೀಲಿ ಮಾಡಿದರು. 1952ರ ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಐಸೆನ್‌ಹೋವರ್ ಪರ ಮಾಜಿ ಸೈನಿಕರನ್ನು ಸಂಘಟಿಸಿದರು. ಆ ಋಣಕ್ಕೆ 1953ರಲ್ಲಿ ಉತ್ತರ ಅಲಬಾಮಾದ ಫೆಡರಲ್ ಸರ್ಕಾರಿ ವಕೀಲರ ಹುದ್ದೆ ಸಿಕ್ಕಿತು.

ಅಲ್ಲಿ ಅವರು ನಡೆಸಿದ ಒಂದು ಪ್ರಕರಣ ನಮಗೆ ತುಂಬಾ ಪರಿಚಿತ ಅನ್ನಿಸುತ್ತದೆ. ಜೀತದ ಪ್ರಕರಣ. ಕಪ್ಪು ಕೂಲಿಗಳ ದಂಡದ ಹಣ ತಾವೇ ಕಟ್ಟಿ ಜೈಲಿನಿಂದ ಬಿಡಿಸಿ ತರುವುದು, ಆಮೇಲೆ ಸಾಲದ ಲೆಕ್ಕ ಹೇಳಿ ಹೊಲದಲ್ಲಿ ದುಡಿಸುವುದು, ಓಡಿಹೋದರೆ ಹಿಡಿದು ತಂದು ಹೊಡೆಯುವುದು. ಗುಲಾಮಗಿರಿ ಹೋಗಿ 90 ವರ್ಷ ಆಗುತ್ತಾ ಬಂದಿತ್ತು. ಆ ಜಮೀನ್ದಾರ ಅಣ್ಣತಮ್ಮಂದಿರಿಗೆ ಬಿಳಿಯರ ಜ್ಯೂರಿಯಿಂದಲೇ ಶಿಕ್ಷೆ ಆಗುವ ಹಾಗೆ ಜಾನ್ಸನ್ ವಾದಿಸಿದರು.

37ನೇ ವಯಸ್ಸಿಗೇ ಜಡ್ಜ್ ಆದರಂತೆ, ನಿಜವೇ?

ನಿಜ. ಐಸೆನ್‌ಹೋವರ್ 1955ರ ಅಕ್ಟೋಬರ್‌ನಲ್ಲಿ ನೇಮಿಸಿದರು, ನವೆಂಬರ್ 7ರಂದು ಪ್ರಮಾಣವಚನ. ಆಗ ದೇಶದ ಫೆಡರಲ್ ಜಡ್ಜ್‌ಗಳಲ್ಲೆಲ್ಲ ಅವರೇ ಕಿರಿಯರು. ಸೆನೆಟ್ ಒಪ್ಪಿಗೆ ಬಂದದ್ದು 1956ರ ಜನವರಿಯಲ್ಲಿ. ಇನ್ನೂ ಒಪ್ಪಿಗೆಯೇ ಬಂದಿರಲಿಲ್ಲ, ಡಿಸೆಂಬರ್ 1ರಂದು ಅದೇ ಊರಿನ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಬಿಳಿಯ ಪ್ರಯಾಣಿಕನಿಗಾಗಿ ಸೀಟು ಬಿಟ್ಟು ಏಳಲಿಲ್ಲ.

ರೋಸಾ ಪಾರ್ಕ್ಸ್ ಪ್ರಕರಣದ ತೀರ್ಪು ಕೊಟ್ಟದ್ದು ಇವರೇ ತಾನೇ?

ಎಲ್ಲರೂ ಹೀಗೇ ಕೇಳುತ್ತಾರೆ. ಸ್ವಲ್ಪ ತಿದ್ದಬೇಕು.

ರೋಸಾ ಪಾರ್ಕ್ಸ್ ಮೇಲಿದ್ದದ್ದು ರಾಜ್ಯದ ಕೋರ್ಟಿನ ಕ್ರಿಮಿನಲ್ ಪ್ರಕರಣ. ಬಸ್ಸಿನ ಭೇದಭಾವ ಮುರಿದದ್ದು ಬೇರೆ ದಾವೆ, 'ಬ್ರೌಡರ್ ವಿರುದ್ಧ ಗೇಲ್'. ಅದರಲ್ಲಿ ಪಾರ್ಕ್ಸ್ ಕಕ್ಷಿದಾರರೇ ಅಲ್ಲ. ಅರೇಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಕ್ಲೋಡೆಟ್ ಕಾಲ್ವಿನ್, ಮೇರಿ ಲೂಯಿಸ್ ಸ್ಮಿತ್ ಅನ್ನುವ ನಾಲ್ಕು ಹೆಂಗಸರು ಹಾಕಿದ ದಾವೆ ಅದು. ಕಾಲ್ವಿನ್ ಅಂತೂ ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲೇ ಬಸ್ಸಿನಲ್ಲಿ ಏಳದೆ ಕೂತು ಬಂಧನಕ್ಕೊಳಗಾದ ಹುಡುಗಿ, ಆಗ 15 ವರ್ಷ. ವಕೀಲ ಫ್ರೆಡ್ ಗ್ರೇ, ಅವರಿಗೂ ಆಗ ಇನ್ನೂ 30 ತುಂಬಿರಲಿಲ್ಲ.

ರಾಜ್ಯದ ಕಾನೂನು ಸಂವಿಧಾನಕ್ಕೆ ವಿರುದ್ಧ ಅನ್ನುವ ದಾವೆಗೆ ಆಗ ಮೂವರು ಜಡ್ಜ್‌ಗಳ ಪೀಠ ಕೂರಬೇಕಿತ್ತು. ರಿಚರ್ಡ್ ರೈವ್ಸ್, ಸೀಬರ್ನ್ ಲಿನ್ ಮತ್ತು ಜಾನ್ಸನ್. ವಾದ ಮುಗಿದು ಮೂವರೂ ಒಳಗೆ ಹೋದಾಗ ಪದ್ಧತಿಯಂತೆ ಕಿರಿಯರೇ ಮೊದಲು ಮಾತಾಡಬೇಕು. ರಾಜ್ಯವೇ ಹೇರಿದ ಪ್ರತ್ಯೇಕತೆ ಸಂವಿಧಾನಕ್ಕೆ ವಿರುದ್ಧ ಅಂತ ಜಾನ್ಸನ್ ಸರಳವಾಗಿ ಹೇಳಿದರು. ರೈವ್ಸ್ ಒಪ್ಪಿದರು. ಲಿನ್ ಒಪ್ಪಲಿಲ್ಲ. 1956ರ ಜೂನ್‌ನಲ್ಲಿ 2–1ರ ತೀರ್ಪು ಬಂತು.

ಇದರ ಧೈರ್ಯ ಎಲ್ಲಿದೆ ಅಂತ ನೋಡಿ. ಸುಪ್ರೀಂ ಕೋರ್ಟು 1954ರ ಬ್ರೌನ್ ತೀರ್ಪಿನಲ್ಲಿ ಪ್ರತ್ಯೇಕತೆ ಸಲ್ಲದು ಅಂದದ್ದು ಶಾಲೆಗಳ ಬಗ್ಗೆ ಮಾತ್ರ. 'ಬೇರೆ ಬೇರೆ ಆದರೂ ಸಮಾನ' ಎಂಬ 1896ರ ಪ್ಲೆಸ್ಸಿ ತೀರ್ಪನ್ನು ಬಸ್ಸಿನ ವಿಷಯದಲ್ಲಿ ಯಾರೂ ಬಾಯಿಬಿಟ್ಟು ತಳ್ಳಿಹಾಕಿರಲಿಲ್ಲ. ಮೇಲಿನ ಕೋರ್ಟು ಹೇಳಲಿ, ಆಮೇಲೆ ನೋಡೋಣ ಅಂತ ಕೂರಬಹುದಿತ್ತು. ಲಿನ್ ಅವರ ವಾದ ಹೆಚ್ಚುಕಡಿಮೆ ಅದೇ. ಜಾನ್ಸನ್ ಮತ್ತು ರೈವ್ಸ್ ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅವರ ತೀರ್ಪನ್ನು ಎತ್ತಿಹಿಡಿಯಿತು. ಡಿಸೆಂಬರ್ 21ರಿಂದ ಮಾಂಟ್‌ಗೊಮೆರಿಯ ಬಸ್ಸುಗಳಲ್ಲಿ ಯಾರು ಎಲ್ಲಿ ಬೇಕಾದರೂ ಕೂರಬಹುದಾಯಿತು. ವರ್ಷದಿಂದ ಬಸ್ಸು ಹತ್ತದೆ ನಡೆದಿದ್ದ ಜನ ಮತ್ತೆ ಹತ್ತಿದರು.

ಊರಿನವರು ಅವರನ್ನು ಹೇಗೆ ನೋಡಿಕೊಂಡರು?

ಸರಿಯಾಗಿ ನೋಡಿಕೊಳ್ಳಲಿಲ್ಲ. ಅವರ ಮನೆಯ ಅಂಗಳದಲ್ಲಿ ಶಿಲುಬೆ ಸುಟ್ಟರು. ಅದು ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಹಿಂಸಾತ್ಮಕ ಗುಂಪು ಬೆದರಿಸುವ ರೀತಿ. ಬಿಳಿ ಸಮಾಜ ಊಟಕ್ಕೆ ಕರೆಯುವುದನ್ನು ಬಿಟ್ಟಿತು. ಪತ್ನಿ ರೂತ್ ಅವರಿಗೂ ಅದೇ ಶಿಕ್ಷೆ. ಸಣ್ಣ ಊರಿನಲ್ಲಿ ಬಹಿಷ್ಕಾರ ಅಂದರೆ ಏನು ಅಂತ ನಮಗೆ ಬಿಡಿಸಿ ಹೇಳಬೇಕಿಲ್ಲ. ವರ್ಷಗಟ್ಟಲೆ ಫೆಡರಲ್ ಮಾರ್ಷಲ್‌ಗಳು ಮನೆಗೆ ಕಾವಲಿದ್ದರು.

1967ರ ಏಪ್ರಿಲ್‌ನಲ್ಲಿ ಅವರ ತಾಯಿಯ ಮನೆಗೆ ಬಾಂಬ್ ಹಾಕಿದರು. ಮನೆಗೆ ಹಾನಿಯಾಯಿತು, ಆಕೆಗೆ ಏನೂ ಆಗಲಿಲ್ಲ. ಆ ತಾಯಿಯ ಹೆಸರು ಏನು ಗೊತ್ತೇ? ಅಲಬಾಮಾ. ಹೌದು, ರಾಜ್ಯದ ಹೆಸರೇ. ಕತೆಗಾರರು ಇಂಥದ್ದನ್ನು ಬರೆದರೆ ನಾವು ನಂಬುವುದಿಲ್ಲ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ವಾಷಿಂಗ್ಟನ್ನಿನಲ್ಲಿ ಕೂತ ಒಂಬತ್ತು ಜಡ್ಜ್‌ಗಳಿಗೆ ಈ ಕಷ್ಟ ಇರಲಿಲ್ಲ. ವಿಚಾರಣಾ ಜಡ್ಜ್ ತಾನು ಯಾರ ವಿರುದ್ಧ ತೀರ್ಪು ಬರೆದನೋ ಅವರನ್ನೇ ಸಂಜೆ ಅಂಗಡಿಯಲ್ಲಿ, ಭಾನುವಾರ ಚರ್ಚಿನಲ್ಲಿ ಎದುರಿಸಬೇಕು.

ಜಾರ್ಜ್ ವ್ಯಾಲೇಸ್ ಮತ್ತು ಇವರು ಸಹಪಾಠಿಗಳು ಅಂತ ಕೇಳಿದ್ದೇವೆ.

ಇಬ್ಬರೂ ಒಂದೇ ಕಾಲದಲ್ಲಿ ಒಂದೇ ಕಾಲೇಜಿನಲ್ಲಿ ಕಾನೂನು ಓದಿದವರು, ಚೆನ್ನಾಗಿ ಪರಿಚಯ ಇದ್ದವರು. ಆಮೇಲೆ ವ್ಯಾಲೇಸ್ ಅಲಬಾಮಾದ ರಾಜ್ಯಪಾಲರಾದರು, ಇಡೀ ದೇಶದಲ್ಲಿ ಪ್ರತ್ಯೇಕತಾವಾದದ ಮುಖವಾದರು.

ಜಗಳ ಶುರುವಾದದ್ದು ಅದಕ್ಕೂ ಮೊದಲು, 1958ರ ಕೊನೆಯಲ್ಲಿ. ವ್ಯಾಲೇಸ್ ಆಗ ರಾಜ್ಯದ ಕೋರ್ಟಿನಲ್ಲಿ ಜಡ್ಜ್. ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸುತ್ತಿಲ್ಲ ಅನ್ನುವ ದೂರಿನ ತನಿಖೆಗೆ ಫೆಡರಲ್ ಸರ್ಕಾರದ ನಾಗರಿಕ ಹಕ್ಕುಗಳ ಆಯೋಗ ದಾಖಲೆ ಕೇಳಿತು. ಕೊಡುವುದಿಲ್ಲ, ಕೇಳಲು ಬಂದವರನ್ನೇ ಜೈಲಿಗೆ ಹಾಕುತ್ತೇನೆ ಅಂತ ವ್ಯಾಲೇಸ್ ಗುಡುಗಿದರು. ಕೊಡಿ ಅಂತ ಜಾನ್ಸನ್ ಆದೇಶಿಸಿದರು.

ಮುಂದೆ ನಡೆದದ್ದನ್ನು ಜಾನ್ಸನ್ ಹೀಗೆ ಹೇಳುತ್ತಿದ್ದರು. ಒಂದು ರಾತ್ರಿ ವ್ಯಾಲೇಸ್ ಯಾರಿಗೂ ಕಾಣದಂತೆ ಅವರ ಮನೆಗೆ ಬಂದರು. ಸ್ವಲ್ಪ ದಿನದ ಜೈಲು ಕೊಟ್ಟರೆ ರಾಜಕೀಯವಾಗಿ ಒಳ್ಳೆಯದೇ, ಜಾಸ್ತಿ ಬೇಡ ಅನ್ನುವ ಧಾಟಿ. ದಾಖಲೆ ಕೊಡದಿದ್ದರೆ ಕಾನೂನು ಬಿಡುವಷ್ಟೂ ಕೊಡುತ್ತೇನೆ ಅಂದರು ಜಾನ್ಸನ್. ಕೊನೆಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ವ್ಯಾಲೇಸ್ ದಾಖಲೆಗಳನ್ನು ಗ್ರಾಂಡ್ ಜ್ಯೂರಿಗೆ, ಅಂದರೆ ಆರೋಪ ಹೊರಿಸಬೇಕೇ ಅಂತ ನೋಡುವ ನಾಗರಿಕರ ತಂಡಕ್ಕೆ, ಒಪ್ಪಿಸಿದರು, ಅಲ್ಲಿಂದ ಅವು ಆಯೋಗಕ್ಕೆ ತಲುಪಿದವು. ಹೊರಗೆ ಮಾತ್ರ ನಾನು ಮಣಿಯಲಿಲ್ಲ ಅಂತ ಭಾಷಣ. ಜಾನ್ಸನ್ 1959ರ ಜನವರಿಯಲ್ಲಿ ನ್ಯಾಯಾಂಗ ನಿಂದನೆಯ ಪ್ರಕರಣ ಕೈಬಿಟ್ಟರು. ಆದರೆ ದಾಖಲೆ ಬಳಸುದಾರಿಯಲ್ಲಿ ಬಂದಿವೆ ಎಂದು ತೀರ್ಪಿನಲ್ಲೇ ಬರೆದು ಗುಟ್ಟು ರಟ್ಟು ಮಾಡಿದರು. ವ್ಯಾಲೇಸ್ ಅದನ್ನು ಮರೆಯಲಿಲ್ಲ. ಮುಂದೆ ಚುನಾವಣೆಗೆ ನಿಂತಾಗ ಜಾನ್ಸನ್ ಅವರನ್ನು ಸುಳ್ಳುಗಾರ ಅಂತ ಬೈಯ್ದರು, ಬೈಗುಳಕ್ಕೆ ವೋಟೂ ಬಿದ್ದವು.

ಹಾಗಾದರೆ ಜಾನ್ಸನ್ ಹೋರಾಟಗಾರರ ಪರ ಇದ್ದವರು, ಅಲ್ವಾ?

ನನಗೆ ಈ ಪ್ರಶ್ನೆಯೇ ಮುಖ್ಯ ಅನ್ನಿಸುತ್ತದೆ. ಅವರನ್ನು ಹೊಗಳುವವರೂ ಇಲ್ಲೇ ಎಡವುತ್ತಾರೆ.

1961ರ ಮೇ 20ರಂದು 'ಫ್ರೀಡಂ ರೈಡರ್ಸ್' ಮಾಂಟ್‌ಗೊಮೆರಿಯ ಗ್ರೇಹೌಂಡ್ ಬಸ್ ನಿಲ್ದಾಣಕ್ಕೆ ಬಂದಿಳಿದರು. ಬಿಳಿಯರು, ಕಪ್ಪು ಜನ ಜೊತೆಗೆ ಕೂತು ಪ್ರಯಾಣ ಮಾಡುತ್ತಿದ್ದ ತಂಡ ಅದು. ಗುಂಪೊಂದು ಅವರನ್ನು ದೊಣ್ಣೆ, ಪೈಪುಗಳಿಂದ ಹೊಡೆಯಿತು. ಪೊಲೀಸರು ಇರಲಿಲ್ಲ. ಜಾನ್ಸನ್ ಕ್ಲಾನ್ ಮೇಲೆ ತಡೆಯಾಜ್ಞೆ ಹಾಕಿದರು, ರಕ್ಷಣೆ ಕೊಡದ ಪೊಲೀಸರ ಮೇಲೂ ಹಾಕಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಸದ್ಯಕ್ಕೆ ಇಂಥ ಪ್ರಯಾಣಗಳನ್ನು ನಡೆಸಬೇಡಿ ಅಂತ ಹೋರಾಟಗಾರರ ಮೇಲೂ ಹಾಕಿದರು. ಮತ್ತೆ ಗಲಭೆ ಆದರೆ ಕ್ಲಾನಿನವರನ್ನೂ, ಪೊಲೀಸರನ್ನೂ, ಕಪ್ಪು ಪಾದ್ರಿಗಳನ್ನೂ ಜೈಲಿಗೆ ಕಳಿಸುತ್ತೇನೆ ಅಂತ ಎಚ್ಚರಿಸಿದರು.

ನಾಲ್ಕು ವರ್ಷದ ನಂತರ ಸೆಲ್ಮಾದಲ್ಲೂ ಅದೇ. ಮತದಾನದ ಹಕ್ಕಿಗಾಗಿ ಆ ಊರಿನಿಂದ ಮಾಂಟ್‌ಗೊಮೆರಿಗೆ ನಡೆದು ಹೊರಟವರನ್ನು ಪೊಲೀಸರು ಸೇತುವೆಯ ಬಳಿ ಹೊಡೆದ, 1965ರ ಮಾರ್ಚ್ 7ರ ರಕ್ತಸಿಕ್ತ ಭಾನುವಾರದ ಬೆನ್ನಲ್ಲೇ ಕಿಂಗ್ ಅವರ ಕಡೆಯವರು ಕೋರ್ಟಿಗೆ ಬಂದರು, ಎರಡು ದಿನದಲ್ಲಿ ಮತ್ತೆ ಮೆರವಣಿಗೆಗೆ ಅವಕಾಶ ಕೇಳಿದರು. ಸಾಕ್ಷ್ಯ ಕೇಳದೆ ಬಿಡುವುದಿಲ್ಲ ಅಂತ ಜಾನ್ಸನ್ ಮೆರವಣಿಗೆಗೇ ತಡೆ ಕೊಟ್ಟರು. ಮಾರ್ಚ್ 9ರಂದು ಕಿಂಗ್ ಸೇತುವೆಯವರೆಗೆ ಹೋಗಿ, ಪ್ರಾರ್ಥನೆ ಮಾಡಿ, ಹಿಂದಿರುಗಿದರು. ಯುವಕರಿಗೆ ಕಿಂಗ್ ಮೇಲೆ ಸಿಟ್ಟು ಬಂತು. ಆ ಸಿಟ್ಟಿನ ಮೂಲ ಜಾನ್ಸನ್ ಆದೇಶ.

ಜಾನ್ಸನ್‌ಗೆ ರಸ್ತೆಯ ಗಲಾಟೆ ಇಷ್ಟವಿರಲಿಲ್ಲ. ದಾವೆ ಹಾಕಿ, ಸಾಕ್ಷಿ ತನ್ನಿ, ಸಾಬೀತು ಮಾಡಿ, ಆಮೇಲೆ ನೋಡೋಣ ಅನ್ನುವ ಮನುಷ್ಯ. ಸಾಬೀತಾದ ಮೇಲೆ ಮಾತ್ರ ಹಿಂದೆ ಸರಿಯುತ್ತಿರಲಿಲ್ಲ. ಹೋರಾಟಗಾರರ ವಕೀಲರಿಗೆ ಅಷ್ಟೇ ಸಾಕಾಗಿತ್ತು. ಅಲಬಾಮಾದಲ್ಲಿ ಬೇರೆಲ್ಲೂ ಅದೂ ಸಿಗುತ್ತಿರಲಿಲ್ಲ.

ಸೆಲ್ಮಾ ತೀರ್ಪಿನಲ್ಲಿ ಅಂಥದ್ದೇನಿದೆ?

ಹಿಂದಿನ ಉತ್ತರ ಓದಿ ಇವರೇನು ಕಲ್ಲುಹೃದಯದವರೇ ಅನ್ನಿಸಿದರೆ ಇದನ್ನು ಓದಿ.

ಹಲವು ದಿನ ವಿಚಾರಣೆ ನಡೆಯಿತು. ಎಡ್ಮಂಡ್ ಪೆಟಸ್ ಸೇತುವೆಯ ಮೇಲೆ ತಲೆಗೆ ಪೆಟ್ಟು ತಿಂದ ಜಾನ್ ಲೂಯಿಸ್ ಸಾಕ್ಷಿ ಹೇಳಿದರು. ಪೊಲೀಸರು ಕುದುರೆ ನುಗ್ಗಿಸಿ, ಅಶ್ರುವಾಯು ಬಿಟ್ಟು, ಲಾಠಿ ಬೀಸಿದ ಟಿವಿ ಚಿತ್ರವನ್ನು ಕೋರ್ಟಿನಲ್ಲಿ ತೋರಿಸಿದರು. ಆಮೇಲೆ ಜಾನ್ಸನ್ ಮೆರವಣಿಗೆಯವರಿಂದ ಲಿಖಿತ ಯೋಜನೆ ತರಿಸಿಕೊಂಡರು. ದಿನಕ್ಕೆ ಎಷ್ಟು ಮೈಲಿ, ರಾತ್ರಿ ಎಲ್ಲಿ ತಂಗುವುದು, ಊಟ, ಶೌಚಾಲಯ, ವೈದ್ಯರು, ಎಲ್ಲ. ರಸ್ತೆ ಎರಡೇ ಪಥ ಇರುವ ಕಡೆ 300 ಜನರಿಗಿಂತ ಜಾಸ್ತಿ ನಡೆಯಬಾರದು ಅನ್ನುವ ಮಿತಿ ಇತ್ತು.

ಮಾರ್ಚ್ 17ರಂದು ತೀರ್ಪು ಬಂತು. ಸಾಮಾನ್ಯವಾಗಿ ಹೆದ್ದಾರಿ ತಡೆದು ದಿನಗಟ್ಟಲೆ ನಡೆಯಲು ಯಾವ ಕೋರ್ಟೂ ಬಿಡುವುದಿಲ್ಲ. ಜಾನ್ಸನ್ ಒಂದು ಅಳತೆ ಕೊಟ್ಟರು: ಜನ ಯಾವ ಅನ್ಯಾಯದ ವಿರುದ್ಧ ನಡೆಯುತ್ತಿದ್ದಾರೋ ಆ ಅನ್ಯಾಯದ ಗಾತ್ರಕ್ಕೆ ತಕ್ಕಷ್ಟು ಇರಬೇಕು ಅವರು ನಡೆಯುವ ಹಕ್ಕು. ಇಲ್ಲಿ ಅನ್ಯಾಯ ಅಗಾಧ, ಹಾಗಾಗಿ ಹಕ್ಕೂ ದೊಡ್ಡದು. ಕಾನೂನು ಪಂಡಿತರು ಈ ಅಳತೆಯ ಬಗ್ಗೆ ಇವತ್ತಿಗೂ ತಕರಾರು ಎತ್ತುತ್ತಾರೆ. ಅನ್ಯಾಯದ ಗಾತ್ರ ಅಳೆಯುವವರು ಯಾರು, ನಾಳೆ ಬೇರೆ ಜಡ್ಜ್ ಬೇರೆ ಥರ ಅಳೆದರೆ? ತಕರಾರು ನ್ಯಾಯವಾದದ್ದೇ. ಆದರೂ ಆ ದಿನ ಆ ಕೋರ್ಟಿನಲ್ಲಿ ಇದಕ್ಕಿಂತ ಸರಿಯಾದ ಅಳತೆ ಇನ್ನೇನಿತ್ತು ಅಂತ ನನಗೆ ತೋಚುವುದಿಲ್ಲ.

ಮಾರ್ಚ್ 21ರಂದು ಹೊರಟವರು 54 ಮೈಲಿ ನಡೆದು 25ಕ್ಕೆ ಮಾಂಟ್‌ಗೊಮೆರಿ ಮುಟ್ಟಿದರು. ಕೊನೆಯ ದಿನ 25,000 ಜನ. ದಾರಿಯುದ್ದಕ್ಕೂ ಫೆಡರಲ್ ಸೈನಿಕರ ಕಾವಲು. ಅದೇ ವರ್ಷದ ಆಗಸ್ಟ್‌ನಲ್ಲಿ ಮತದಾನದ ಹಕ್ಕು ಕಾಯ್ದೆ ಬಂತು.

ವಯೋಲಾ ಲಿಯುಜೊ ಕೊಲೆ ಪ್ರಕರಣವೂ ಇವರ ಮುಂದೆಯೇ ಬಂತೇ?

ಬಂತು, ಬೇರೆ ರೂಪದಲ್ಲಿ. ಮೆರವಣಿಗೆ ಮುಗಿದ ರಾತ್ರಿಯೇ, ಜನರನ್ನು ಕಾರಿನಲ್ಲಿ ಬಿಟ್ಟು ಬರುತ್ತಿದ್ದ ಡೆಟ್ರಾಯಿಟ್‌ನ ಈ ಹೆಂಗಸನ್ನು ಕ್ಲಾನಿನವರು ಗುಂಡಿಟ್ಟು ಕೊಂದರು. ರಾಜ್ಯದ ಕೋರ್ಟಿನಲ್ಲಿ ಒಬ್ಬನ ವಿಚಾರಣೆ ನಡೆಯಿತು, ಅವನು ಬಿಡುಗಡೆಯಾದ. ಕೊಲೆ ರಾಜ್ಯದ ಅಪರಾಧ, ಅದರಲ್ಲಿ ಫೆಡರಲ್ ಕೋರ್ಟು ಕೈ ಹಾಕುವಂತಿಲ್ಲ. ಹಾಗಾಗಿ ನಾಗರಿಕ ಹಕ್ಕು ಕಸಿಯುವ ಸಂಚು ಅನ್ನುವ, ಅಂತರ್ಯುದ್ಧದ ನಂತರ ಬಂದ ಹಳೇ ಕಾನೂನಿನಡಿ ಮೂವರ ಮೇಲೆ ಪ್ರಕರಣ ಹಾಕಿದರು. ಜ್ಯೂರಿಯಲ್ಲಿ ಎಲ್ಲರೂ ಬಿಳಿಯರೇ. ಒಮ್ಮತ ಆಗುತ್ತಿಲ್ಲ ಅಂತ ಅವರು ಹೊರಗೆ ಬಂದರು. ಇನ್ನೂ ಯತ್ನ ಮಾಡಿ ಅಂತ ಜಾನ್ಸನ್ ಒಳಗೆ ಕಳಿಸಿದರು. 1965ರ ಡಿಸೆಂಬರ್ 3ರಂದು ತಪ್ಪಿತಸ್ಥರು ಅನ್ನುವ ತೀರ್ಮಾನ ಬಂತು. ಆ ಕಾನೂನು ಬಿಡುವ ಗರಿಷ್ಠ ಶಿಕ್ಷೆ 10 ವರ್ಷ, ಅಷ್ಟೂ ಕೊಟ್ಟರು.

ಇವರ ತೀರ್ಪುಗಳು ಯಾವತ್ತೂ ತಪ್ಪಲಿಲ್ಲವೇ?

ತಪ್ಪಿವೆ. ಟಸ್ಕೀಗಿ ಪ್ರಕರಣ ಒಳ್ಳೆಯ ಉದಾಹರಣೆ. ಕಪ್ಪು ಮತದಾರರು ಹೆಚ್ಚುತ್ತಿದ್ದಾರೆ ಅಂತ 1957ರಲ್ಲಿ ಅಲಬಾಮಾ ಆ ಪಟ್ಟಣದ ಗಡಿಯನ್ನೇ ಬದಲಿಸಿತು. ಚೌಕಾಕಾರದ ಊರು 28 ಮೂಲೆಯ ವಿಚಿತ್ರ ಆಕಾರವಾಯಿತು. ಸುಮಾರು 400 ಕಪ್ಪು ಮತದಾರರಲ್ಲಿ ನಾಲ್ಕೈದು ಜನ ಬಿಟ್ಟು ಎಲ್ಲರೂ ಊರ ಹೊರಗೆ ಬಿದ್ದರು. ಗಡಿ ಹಾಕುವುದು ಶಾಸನಸಭೆಯ ಕೆಲಸ, ನನಗೆ ಅಧಿಕಾರ ಇಲ್ಲ ಅಂತ ಜಾನ್ಸನ್ ದಾವೆ ವಜಾ ಮಾಡಿದರು. 1960ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಅದನ್ನು ತಿರುಗಿಸಿತು. ಪ್ರಕರಣ ವಾಪಸ್ ಬಂದಾಗ ಜಾನ್ಸನ್ ಆ ಗಡಿಯನ್ನು ರದ್ದು ಮಾಡಿದರು.

ಆಮೇಲೆ ಮತದಾನದ ವಿಷಯದಲ್ಲಿ ಅವರು ಬೇರೆಯೇ ಮನುಷ್ಯರಾದ ಹಾಗೆ ಕಾಣುತ್ತದೆ. ಟಸ್ಕೀಗಿ ಇರುವ ಮೇಕನ್ ಕೌಂಟಿಯಲ್ಲಿ ಚೆನ್ನಾಗಿ ಓದಿದ ಕಪ್ಪು ಜನ ಬೇಕಾದಷ್ಟಿದ್ದರು, ಆದರೂ ನೋಂದಣಿ ಪರೀಕ್ಷೆಯಲ್ಲಿ ಫೇಲ್. ನೆಟ್ಟಗೆ ಅಕ್ಷರ ಬಾರದ ಬಿಳಿಯರು ಪಾಸ್. ಪಟ್ಟಿಯಲ್ಲಿರುವ ತೀರಾ ಕಡಿಮೆ ಅರ್ಹತೆಯ ಬಿಳಿಯನಿಗೆ ಯಾವ ಅಳತೆಯೋ ಕಪ್ಪು ಅರ್ಜಿದಾರರಿಗೂ ಅದೇ ಅಂದರು ಜಾನ್ಸನ್.

ಜೈಲು, ಆಸ್ಪತ್ರೆಗಳ ಆಡಳಿತಕ್ಕೂ ಕೈ ಹಾಕಿದರಂತಲ್ಲ. ಅದು ಜಡ್ಜ್ ಕೆಲಸವೇ?

ಅಲಬಾಮಾದ ರಾಜಕಾರಣಿಗಳೂ ಇದನ್ನೇ ಕೇಳುತ್ತಿದ್ದರು. ಅವರ ಪಾಲಿಗೆ ರಾಜ್ಯದ ನಿಜವಾದ ರಾಜ್ಯಪಾಲ ಜಾನ್ಸನ್ನೇ.

ಮೊದಲು ಆಸ್ಪತ್ರೆ. 1970ರಲ್ಲಿ ಟಸ್ಕಲೂಸಾದ ಬ್ರೈಸ್ ಮಾನಸಿಕ ಆಸ್ಪತ್ರೆಯಲ್ಲಿ 99 ನೌಕರರನ್ನು ತೆಗೆದರು. ಕಾರಣ, ಸಿಗರೇಟಿನ ತೆರಿಗೆಯಿಂದ ಬರುತ್ತಿದ್ದ ದುಡ್ಡು ಕಡಿಮೆಯಾಗಿತ್ತು. ದಾವೆ ಶುರುವಾದದ್ದು ಕೆಲಸ ಕಳೆದುಕೊಂಡವರ ಪರವಾಗಿ. ಜೊತೆಗೆ ಅಲ್ಲಿದ್ದ 15 ವರ್ಷದ ಹುಡುಗನೊಬ್ಬನ ಹೆಸರೂ ಇತ್ತು. ಜಾನ್ಸನ್ ಗಮನ ಹೋದದ್ದು ನೌಕರರಿಗಿಂತ ರೋಗಿಗಳ ಕಡೆಗೆ. 5,000ಕ್ಕೂ ಜಾಸ್ತಿ ಜನ ಒಳಗಿದ್ದಾರೆ. ಎಷ್ಟೋ ಜನ ತಾವಾಗಿ ಬಂದವರಲ್ಲ, ಆದೇಶ ಹೊರಡಿಸಿ ಕೂಡಿಹಾಕಿದವರು. ಚಿಕಿತ್ಸೆ ಕೊಡುತ್ತೇವೆ ಅಂತ ಕೂಡಿಹಾಕಿ ಚಿಕಿತ್ಸೆಯೇ ಕೊಡದಿದ್ದರೆ ಅದು ಜೈಲಲ್ಲವೇ?

1971ರಲ್ಲಿ ಅವರು ರೋಗಿಗಳಿಗೆ ಚಿಕಿತ್ಸೆಯ ಸಂವಿಧಾನಬದ್ಧ ಹಕ್ಕಿದೆ ಅಂದರು. 1972ರಲ್ಲಿ ಕನಿಷ್ಠ ಮಾನದಂಡಗಳ ಪಟ್ಟಿ ಕೊಟ್ಟರು. ಒಂದು ಕೋಣೆಯಲ್ಲಿ ಆರು ಜನರಿಗಿಂತ ಜಾಸ್ತಿ ಬೇಡ. ತಲೆಗೆ 80 ಚದರ ಅಡಿ. ಎಂಟು ಜನಕ್ಕೊಂದು ಶೌಚಾಲಯ. ಹದಿನೈದು ಜನಕ್ಕೊಂದು ಸ್ನಾನದ ತೊಟ್ಟಿ ಅಥವಾ ಶವರ್. ಸಂವಿಧಾನದಲ್ಲಿ ಎಲ್ಲಿದೆ ಎಂಟು ಜನಕ್ಕೊಂದು ಶೌಚಾಲಯ ಅಂತ ನಗಬಹುದು. ಆದರೆ 'ಮಾನವೀಯ ವಾತಾವರಣ ಕೊಡಿ' ಅಂತ ಸುಮ್ನೆ ಬರೆದರೆ ಅಧಿಕಾರಿ ಆ ಕಾಗದವನ್ನು ಫೈಲಿಗೆ ಸೇರಿಸಿ ಮರೆಯುತ್ತಾನೆ. ಸಂಖ್ಯೆ ಕೊಟ್ಟರೆ ಎಣಿಸಿ ನೋಡಬಹುದು. ಈ ಪ್ರಕರಣ ಪೂರ್ತಿ ಮುಗಿದದ್ದು 2003ರಲ್ಲಿ. ಜಾನ್ಸನ್ ಆಗ ಬದುಕಿರಲಿಲ್ಲ.

ಇನ್ನು ಜೈಲು. ಕೈದಿಯೊಬ್ಬ ಕೈಯಲ್ಲೇ ಬರೆದು ಕಳಿಸಿದ ಅರ್ಜಿ ಒಂದು ದೊಡ್ಡ ದಾವೆಯಾಗಿ ಬೆಳೆಯಿತು. ನಮ್ಮಲ್ಲೂ ಅದೇ ದಶಕದಲ್ಲಿ ತಿಹಾರ್ ಜೈಲಿನಿಂದ ಸುನಿಲ್ ಬಾತ್ರಾ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟು ಅರ್ಜಿಯಾಗಿ ತೆಗೆದುಕೊಂಡದ್ದು ನೆನಪಾಗುತ್ತದೆ. 1976ರ ಜನವರಿಯ ತೀರ್ಪಿನಲ್ಲಿ ಜಾನ್ಸನ್ ಕಂಡದ್ದನ್ನು ಕಂಡ ಹಾಗೆ ಬರೆದಿದ್ದಾರೆ. ನಾಲ್ಕಡಿ ಎಂಟಡಿಯ ಶಿಕ್ಷೆಯ ಕೋಣೆಯಲ್ಲಿ ಆರು ಜನರವರೆಗೂ ತುರುಕಿದ್ದರು. ಹಾಸಿಗೆಯಿಲ್ಲ, ದೀಪವಿಲ್ಲ, ನೀರಿಲ್ಲ, ಶೌಚಕ್ಕೆ ನೆಲದಲ್ಲೊಂದು ತೂತು. ಇಡೀ ರಾಜ್ಯದ ಜೈಲುಗಳೇ ಕ್ರೂರ ಶಿಕ್ಷೆ ಅಂತ ಘೋಷಿಸಿದರು, ಮತ್ತೆ ಸಂಖ್ಯೆಗಳ ಪಟ್ಟಿ ಕೊಟ್ಟರು. ಮೇಲಿನ ಕೋರ್ಟು ಮುಖ್ಯ ಭಾಗ ಎತ್ತಿಹಿಡಿದು ಕೆಲವನ್ನು ಕತ್ತರಿಸಿತು. ಮೇಲ್ವಿಚಾರಣೆಗೆ ಅವರು ಮಾಡಿದ್ದ ಸಮಿತಿಯನ್ನು ಒಪ್ಪಲಿಲ್ಲ.

ರಾಜ್ಯದ ಹೆದ್ದಾರಿ ಪೊಲೀಸರದೂ ಇಂಥದ್ದೇ ಕತೆ. ಆ ಪಡೆಯ 37 ವರ್ಷದಲ್ಲಿ ಒಬ್ಬ ಕಪ್ಪು ಪೊಲೀಸ್ ಇರಲಿಲ್ಲ. 1972ರಲ್ಲಿ ಜಾನ್ಸನ್ ಒಬ್ಬ ಬಿಳಿಯನಿಗೆ ಒಬ್ಬ ಕಪ್ಪು ವ್ಯಕ್ತಿಯಂತೆ ನೇಮಿಸಿ ಅಂದರು. ಮೀಸಲಾತಿ ಚರ್ಚೆ ನಮಗೆ ಹೊಸದಲ್ಲ, ಅಲ್ಲಿ ಅದು ಬೆಂಕಿ ಹೊತ್ತಿಸಿದ ಹಾಗಾಯಿತು.

ಮಹಿಳೆಯರ ವಿಷಯದಲ್ಲಿ?

ಎರಡು ಸಾಲು ಸಾಕು. 1966ರಲ್ಲಿ, ಹೆಂಗಸರನ್ನು ಜ್ಯೂರಿಯಿಂದ ಹೊರಗಿಡುವ ಅಲಬಾಮಾ ಕಾನೂನನ್ನು ರದ್ದು ಮಾಡಿದ ಮೂವರ ಪೀಠದಲ್ಲಿ ಅವರಿದ್ದರು. ವಾಯುಪಡೆಯ ಅಧಿಕಾರಿ ಶಾರನ್ ಫ್ರಾಂಟಿಯೆರೊ ತನ್ನ ಗಂಡನಿಗೂ ಸೌಲಭ್ಯ ಕೇಳಿದಾಗ ಪೀಠದ ಇಬ್ಬರು ಇಲ್ಲ ಅಂದರು, ಜಾನ್ಸನ್ ಒಬ್ಬರೇ ಭಿನ್ನ ತೀರ್ಪು ಬರೆದರು. 1973ರಲ್ಲಿ ಸುಪ್ರೀಂ ಕೋರ್ಟು 8–1ರಿಂದ ಆಕೆಯ ಪರ ನಿಂತಿತು.

ಕೋರ್ಟಿನಲ್ಲಿ ಹೇಗಿರುತ್ತಿದ್ದರು?

ವಕೀಲರು ಹೆದರುತ್ತಿದ್ದರು. ಎತ್ತರದ ಆಳು, ಗುಡ್ಡಗಾಡಿನ ಉಚ್ಚಾರಣೆ, ಅರ್ಧ ಕನ್ನಡಕದ ಮೇಲಿಂದ ದಿಟ್ಟಿಸುವ ನೋಟ. ಹೊತ್ತಿಗೆ ಸರಿಯಾಗಿ ಬರಬೇಕು, ತಯಾರಾಗಿ ಬರಬೇಕು. ಕರಿ ನಿಲುವಂಗಿ, ಸುತ್ತಿಗೆ ಇವುಗಳ ಗೊಡವೆಗೆ ಅವರು ಅಷ್ಟಾಗಿ ಹೋಗುತ್ತಿರಲಿಲ್ಲ. ತಂಬಾಕು ಅಗಿಯುವ ಅಭ್ಯಾಸ ಇತ್ತು. ಬಿಡುವಿನಲ್ಲಿ ಮೀನು ಹಿಡಿಯುವುದು, ಗಾಲ್ಫ್, ಮರಗೆಲಸ.

ಎಫ್‌ಬಿಐ ಮುಖ್ಯಸ್ಥರಾಗಬೇಕಿತ್ತಂತೆ?

1977ರ ಆಗಸ್ಟ್‌ನಲ್ಲಿ ಅಧ್ಯಕ್ಷ ಕಾರ್ಟರ್ ಹೆಸರು ಘೋಷಿಸಿದರು. ವೈದ್ಯಕೀಯ ಪರೀಕ್ಷೆಯಲ್ಲಿ ಹೊಟ್ಟೆಯ ರಕ್ತನಾಳ ಉಬ್ಬಿರುವುದು ಕಂಡಿತು. ಶಸ್ತ್ರಚಿಕಿತ್ಸೆ ಆಯಿತು, ಚೇತರಿಕೆ ನಿಧಾನವಾಯಿತು, ಅವರೇ ಬೇಡ ಅಂದರು. ಆ ಹುದ್ದೆ ವಿಲಿಯಂ ವೆಬ್‌ಸ್ಟರ್‌ಗೆ ಹೋಯಿತು.

ಮೇಲ್ಮನವಿ ಕೋರ್ಟಿನಲ್ಲಿ ಮಾಡಿದ್ದೇನು?

1979ರಲ್ಲಿ ಐದನೇ ಸರ್ಕ್ಯೂಟ್‌ಗೆ, ಅಂದರೆ ಹಲವು ರಾಜ್ಯಗಳ ಫೆಡರಲ್ ಮೇಲ್ಮನವಿ ಕೇಳುವ ಕೋರ್ಟಿಗೆ, ಹೋದರು, 1981ರಲ್ಲಿ ಅದು ಒಡೆದಾಗ ಹನ್ನೊಂದನೆಯದಕ್ಕೆ ಸೇರಿದರು. ಅಲ್ಲಿ ಸಾಕ್ಷಿಗಳಿಲ್ಲ, ಬರೀ ಕಾಗದ. ಆದರೂ ಒಂದು ತೀರ್ಪು ನಮಗೂ ತಟ್ಟುತ್ತದೆ. ಸಲಿಂಗಿಗಳ ಖಾಸಗಿ ಸಂಬಂಧವನ್ನು ಅಪರಾಧ ಮಾಡಿದ್ದ ಜಾರ್ಜಿಯಾ ಕಾನೂನು ಮೂಲಭೂತ ಹಕ್ಕಿಗೆ ಧಕ್ಕೆ ತರುತ್ತದೆ ಅಂತ 1985ರಲ್ಲೇ ಬರೆದರು. ಮರುವರ್ಷ ಸುಪ್ರೀಂ ಕೋರ್ಟು 5–4ರಿಂದ ಅದನ್ನು ತಿರುಗಿಸಿತು. 2003ರಲ್ಲಿ ಅದೇ ಸುಪ್ರೀಂ ಕೋರ್ಟು, ನಾವು ಅಂದು ತಪ್ಪಿದೆವು ಅಂದಿತು. ನಮ್ಮಲ್ಲಿ 377ನೇ ಕಲಮಿನ ಕತೆ 2018ರಲ್ಲಿ ಅದೇ ದಾರಿ ಹಿಡಿಯಿತು.

1991ರಲ್ಲಿ ಅವರು ಕೆಲಸ ಕಡಿಮೆ ಮಾಡಿ 'ಸೀನಿಯರ್' ಜಡ್ಜ್ ಆದರು. 1995ರಲ್ಲಿ ಅಧ್ಯಕ್ಷ ಕ್ಲಿಂಟನ್ ಸ್ವಾತಂತ್ರ್ಯ ಪದಕ ಕೊಟ್ಟರು.

ಮಾಂಟ್‌ಗೊಮೆರಿಗೆ ಹೋದರೆ ಅವರ ಕೋರ್ಟು ನೋಡಬಹುದೇ?

ನೋಡಬಹುದು. ಆ ಫೆಡರಲ್ ಕಟ್ಟಡಕ್ಕೆ 1992ರಿಂದ ಅವರದೇ ಹೆಸರಿದೆ. ಬದುಕಿದ್ದಾಗಲೇ ಇಟ್ಟದ್ದು. ಎದುರಿಗೆ ನಿಂತು ಫೋಟೋ ತೆಗೆದು ಹೊರಟುಬಿಡಬೇಡಿ, ಹಿಂಬದಿಗೂ ಒಂದು ಸುತ್ತು ಹಾಕಿ. ಅಲ್ಲೇ ಒತ್ತಿಕೊಂಡಂತೆ ಹಳೇ ಗ್ರೇಹೌಂಡ್ ಬಸ್ ನಿಲ್ದಾಣ ಇದೆ, ಈಗ ಅದು ಫ್ರೀಡಂ ರೈಡ್ಸ್ ವಸ್ತುಸಂಗ್ರಹಾಲಯ. 1961ರ ಆ ಶನಿವಾರ ನ್ಯಾಯ ಇಲಾಖೆಯ ವಕೀಲ ಜಾನ್ ಡೋರ್ ಫೆಡರಲ್ ಕಟ್ಟಡದ ಕಿಟಕಿಯಲ್ಲಿ ನಿಂತು, ಕೆಳಗೆ ನಡೆಯುತ್ತಿದ್ದ ಹೊಡೆತವನ್ನು ಕಂಡ ಹಾಗೆಯೇ ಫೋನಿನಲ್ಲಿ ವಾಷಿಂಗ್ಟನ್ನಿಗೆ ವರದಿ ಮಾಡಿದರು. ನಿಲ್ದಾಣದ ಅಂಗಳದಲ್ಲಿ ನಿಂತು ತಲೆ ಎತ್ತಿದರೆ ಕೋರ್ಟಿನ ಕಿಟಕಿಗಳು ಕಾಣುತ್ತವೆ.